ಕರ್ಮಾಧಿಕಾರವೂ ಕೈಜಾರಿದಾಗ: ಒಬ್ಬ ಜಪಾನೀ ಪಿಚರ್ ಮತ್ತು ತ್ಯಾಗದ ಪ್ರಶ್ನೆ

ಕರ್ಮದ ಫಲವನ್ನು ಬಿಡಬೇಕೆಂಬ ಉಪದೇಶ ಭಾರತೀಯ ಚಿಂತನೆಯಲ್ಲಿ ಎಷ್ಟು ಬಳಕೆಯ ಮಾತಾಗಿದೆಯೆಂದರೆ, ಅದರ ಬುಡದಲ್ಲಿರುವ ಒಂದು ನಂಬಿಕೆಯನ್ನು ಪರೀಕ್ಷಿಸುವ ಗೋಜಿಗೆ ಓದುಗರು ಸಾಮಾನ್ಯವಾಗಿ ಹೋಗುವುದಿಲ್ಲ. ಫಲ ಕೈಯಲ್ಲಿಲ್ಲದಿದ್ದರೂ ಕರ್ಮವಾದರೂ ಕೈಯಲ್ಲಿದೆ ಎಂಬುದೇ ಆ ನಂಬಿಕೆ. ಗೀತೆಯ ಎರಡನೆಯ ಅಧ್ಯಾಯ ಅರ್ಜುನನ ಅಧಿಕಾರವನ್ನು ಕರ್ಮದ ಮಟ್ಟಿಗೆ ಒಪ್ಪಿ ಫಲದ ಮಟ್ಟಿಗೆ ನಿರಾಕರಿಸುವ ಹೊತ್ತಿನಲ್ಲಿ ಅವನ ತೋಳಿನಲ್ಲಿ ಕಸುವಿದೆ, ಎದುರಿಗೆ ಯುದ್ಧವಿದೆ, ಅವನಿಲ್ಲದೆ ಆ ಯುದ್ಧ ಸಾಗುವುದಿಲ್ಲವೆಂಬ ಸ್ಥಿತಿಯೂ ಇದೆ. ಗಾಂಡೀವ ಅವನ ಕೈಯಿಂದ ಜಾರುತ್ತಿರುವುದು ಶೋಕದಿಂದಲೇ ಹೊರತು ಮುಪ್ಪಿನಿಂದಲ್ಲ. ಮಾಡಬೇಕೆಂಬ ಮನಸ್ಸು ಉಳಿದಿದ್ದು, ಮಾಡುವ ಅವಕಾಶವೇ ಬೇರೆಯವರ ಒಪ್ಪಿಗೆಯ ಮೇಲೆ ನಿಂತಿರುವವನಿಗೆ ಇದೇ ಉಪದೇಶವನ್ನು ಹೇಳಿದರೆ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಈ ಪ್ರಶ್ನೆಯನ್ನು ತಪಸ್ವಿಗಳ ಜೀವನದಲ್ಲಿಟ್ಟು ನೋಡುವುದಕ್ಕಿಂತ, ಪರದೇಶದಲ್ಲಿ ಆಡುತ್ತ ವಯಸ್ಸಾದ ಒಬ್ಬ ಜಪಾನೀ ಬೇಸ್‌ಬಾಲ್ ಆಟಗಾರನ ವೃತ್ತಿಯಲ್ಲಿಟ್ಟು ನೋಡಿದರೆ ಅದರ ಅಂಚುಗಳು ಹೆಚ್ಚು ಚೂಪಾಗಿ ಕಾಣುತ್ತವೆ.

ಬೇಸ್‌ಬಾಲ್‌ನಲ್ಲಿ ಮೈದಾನದ ನಡುವಿನ ಸಣ್ಣ ದಿಬ್ಬದ ಮೇಲೆ ನಿಂತು, 18.44 ಮೀಟರ್ ಆಚೆಯಿರುವ ಬ್ಯಾಟರ್‌ನತ್ತ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಒಂಬತ್ತು ಇನಿಂಗ್ಸ್‌ಗಳ ಪಂದ್ಯವನ್ನು ಆರಂಭಿಸುವ ಪಿಚರ್ ಸ್ಟಾರ್ಟರ್ ಆದರೆ, ಅವನು ದಣಿದ ಮೇಲೋ ಪೆಟ್ಟು ತಿಂದ ಮೇಲೋ ಬರುವವನು ರಿಲೀಫ್ ಪಿಚರ್; ಅವರಲ್ಲಿ ಕೊನೆಯ ಇನಿಂಗ್ಸ್‌ನಲ್ಲಿ ಬಂದು ಅಲ್ಪ ಅಂತರದ ಗೆಲುವನ್ನು ಕಾಯುವವನಿಗೆ ಕ್ಲೋಸರ್ ಎಂದು ಹೆಸರು, ಅವನು ಹಾಗೆ ಕಾದ ಗೆಲುವಿಗೆ ಸೇವ್ ಎಂದು ಹೆಸರು. ಇಪ್ಪತ್ತು ಓವರುಗಳ ಕ್ರಿಕೆಟ್ಟಿನಲ್ಲಿ ಕೊನೆಯ ಓವರ್ ಹಾಕುವ ಬೌಲರನನ್ನು ನೆನೆದರೆ ಕನ್ನಡದ ಓದುಗನಿಗೆ ಈ ಕೆಲಸದ ಒತ್ತಡ ಅರ್ಥವಾದೀತು, ಆದರೆ ಸಾದೃಶ್ಯ ಅಲ್ಲಿಗೇ ಮುಗಿಯುತ್ತದೆ. ಕ್ರಿಕೆಟ್ಟಿನ ಬೌಲರ್ ಎದುರಾಳಿಯ ಸರದಿಯುದ್ದಕ್ಕೂ ಮೈದಾನದಲ್ಲೇ ಇರುತ್ತಾನೆ, ಫೀಲ್ಡಿಂಗ್ ಮಾಡುತ್ತಾನೆ, ಅವನಿಗೆ ಓವರುಗಳ ಪಾಲು ಇರುತ್ತದೆ. ರಿಲೀಫ್ ಪಿಚರನಾದರೋ ಮೈದಾನದ ಒಂದು ಮೂಲೆಯಲ್ಲಿ ಬುಲ್‌ಪೆನ್ ಎಂದು ಕರೆಯುವ ಆವರಣದಲ್ಲಿ ಎರಡು ಮೂರು ಗಂಟೆ ಸುಮ್ಮನೆ ಕುಳಿತಿದ್ದು, ತಂಡದ ಮ್ಯಾನೇಜರನ ಕಡೆಯಿಂದ ದೂರವಾಣಿ ಬಂದರೆ ತೋಳನ್ನು ಸಡಿಲಿಸಿಕೊಳ್ಳಲು ಎದ್ದೇಳುತ್ತಾನೆ. ಬಾರದಿದ್ದರೆ ಆ ದಿನ ಅವನ ಪಾಲಿಗೆ ಕರ್ಮವೇ ಇಲ್ಲ. ಬಂದರೂ ಅವನು ಇಳಿಯುವುದು ತಾನು ಆರಂಭಿಸದ ಪಂದ್ಯಕ್ಕೆ, ಕೆಲವೊಮ್ಮೆ ಇನ್ನೊಬ್ಬನ ತಪ್ಪಿನಿಂದ ಎದುರಾಳಿಗಳು ಆಗಲೇ ಓಟದ ನಿಲುಗಡೆಗಳಾದ ಬೇಸ್‌ಗಳನ್ನು ಹಿಡಿದು ನಿಂತಿರುವ ಇಕ್ಕಟ್ಟಿಗೆ. ಮತ್ತು ಒಮ್ಮೆ ಅವನನ್ನು ಹೊರಗೆ ಕರೆದರೆ ಆ ಪಂದ್ಯಕ್ಕೆ ಅವನು ಮರಳುವಂತಿಲ್ಲವೆಂಬುದು ಆಟದ ನಿಯಮ.

ಫಲವಷ್ಟೇ ಅಲ್ಲ, ಕರ್ಮಕ್ಕೆ ತೊಡಗುವ ಅಧಿಕಾರವೂ ಇನ್ನೊಬ್ಬರ ಕೈಯಲ್ಲಿರುವ ವೃತ್ತಿ ಇದು. ಅದನ್ನು ಪರದೇಶದಲ್ಲಿ ಮಾಡುವವನಿಗೆ ಒಪ್ಪಂದ, ವೀಸಾ, ದುಭಾಷಿ ಎಂದು ಪರಾಧೀನತೆಯ ಇನ್ನಷ್ಟು ಪದರಗಳು ಸೇರುತ್ತವೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ 1964ರಲ್ಲಿ ಆಡಿದ ಮೊದಲ ಜಪಾನೀಯ ಮಸನೋರಿ ಮುರಕಾಮಿ ಕೂಡ ರಿಲೀಫ್ ಪಿಚರರೇ ಆಗಿದ್ದರು. ಜಪಾನಿನ ನಾನ್‌ಕಾಯ್ ಹಾಕ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡಗಳೆರಡೂ ಅವರ ಮೇಲೆ ಹಕ್ಕು ಸಾಧಿಸಿ ಎಳೆದಾಡಿದ್ದರಿಂದ, ಇಪ್ಪತ್ತೊಂದರ ಹರೆಯದಲ್ಲಿ, ಇನ್ನೂ ಚೆನ್ನಾಗಿ ಆಡುತ್ತಿರುವಾಗಲೇ ಅವರು ಊರಿಗೆ ಮರಳಬೇಕಾಯಿತು. ಅವರ ನಂತರ ಹಿದೆಒ ನೋಮೊ 1995ರಲ್ಲಿ ಬರುವವರೆಗೆ ಇನ್ನಾವ ಜಪಾನೀಯನೂ ಅಲ್ಲಿ ಆಡಲಿಲ್ಲ.

ಕೋಜಿ ಉಎಹರಾ ಅವರ ವೃತ್ತಿಜೀವನ ಈ ಪರಾಧೀನತೆಯ ಬಗ್ಗೆ ಚಿಂತಿಸಲು ಬೇರೆಲ್ಲರದಕ್ಕಿಂತ ಹೆಚ್ಚು ಸಾಮಗ್ರಿ ಕೊಡುತ್ತದೆ. 1975ರಲ್ಲಿ ಓಸಾಕಾ ಪ್ರಾಂತ್ಯದಲ್ಲಿ ಹುಟ್ಟಿದ ಅವರು ಪ್ರೌಢಶಾಲೆಯಲ್ಲಿ ಮುಖ್ಯ ಪಿಚರ್ ಆಗಿರಲಿಲ್ಲ. ಆ ಸ್ಥಾನ ಸಹಪಾಠಿ ಯೋಶಿನೋರಿ ತತೆಯಾಮಾ ಅವರದಾಗಿತ್ತು, ಉಎಹರಾ ಔಟ್‌ಫೀಲ್ಡ್‌ನಲ್ಲಿ ನಿಲ್ಲುತ್ತಿದ್ದರು. (ಇಬ್ಬರೂ 2011ರಲ್ಲಿ ಟೆಕ್ಸಸ್ ರೇಂಜರ್ಸ್ ತಂಡದ ಒಂದೇ ಬುಲ್‌ಪೆನ್‌ನಲ್ಲಿ ಅಕ್ಕಪಕ್ಕ ಕುಳಿತದ್ದನ್ನು ಕಾದಂಬರಿಕಾರನೊಬ್ಬ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ.) ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿ, ರಾತ್ರಿ ಕಾವಲಿನಂಥ ಕೂಲಿಕೆಲಸ ಮಾಡಿಕೊಂಡು ಓದಿದ ವರ್ಷದಲ್ಲಿ ಅವರಿಗೆ ಹತ್ತೊಂಬತ್ತು ವಯಸ್ಸು. ಆ ವರ್ಷವನ್ನು ಮರೆಯಬಾರದೆಂದೇ ಅವರು ಮುಂದೆ ಅಂಗಿಯ ಮೇಲೆ 19ರ ಅಂಕೆಯನ್ನು ಧರಿಸಿದರು. ಆಡುವ ಅಧಿಕಾರ ಹುಟ್ಟಿನಿಂದ ಬಂದದ್ದಲ್ಲ, ಅದು ಸಿಗದೆಯೂ ಹೋಗಬಹುದಾಗಿತ್ತು ಎಂಬ ಅರಿವನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ವೃತ್ತಿ ಆಟಗಾರರಲ್ಲಿ ಅಪರೂಪ.

1999ರಲ್ಲಿ ಟೋಕಿಯೋದ ಯೋಮಿಉರಿ ಜೈಂಟ್ಸ್ ಸೇರಿದ ಮೊದಲ ವರ್ಷದಲ್ಲೇ ಅವರು ಸ್ಟಾರ್ಟರ್ ಆಗಿ 20 ಪಂದ್ಯ ಗೆದ್ದು ನಾಲ್ಕನ್ನು ಮಾತ್ರ ಸೋತರು. ಆದರೆ ಆ ವರ್ಷದ ಬಗ್ಗೆ ಜಪಾನೀಯರು ಹೆಚ್ಚು ನೆನೆಯುವುದು ಇನ್ನೊಂದು ಘಟನೆಯನ್ನು. ಋತುವಿನ ಕೊನೆಯಲ್ಲಿ, ಜೈಂಟ್ಸ್‌ನ ಹಿದೆಕಿ ಮತ್ಸುಯಿ ಮತ್ತು ಯಾಕುಲ್ಟ್ ತಂಡದ ರೊಬೆರ್ತೊ ಪೆತಜೀನೆ, ಚೆಂಡನ್ನು ಮೈದಾನದಾಚೆ ಬಾರಿಸುವ ಹೋಮ್‌ರನ್ ಪಟ್ಟಕ್ಕಾಗಿ ಪೈಪೋಟಿ ನಡೆಸಿದ್ದಾಗ, ಪೆತಜೀನೆಗೆ ಹೊಡೆಯಲು ಸಿಗದಷ್ಟು ದೂರಕ್ಕೆ ನಾಲ್ಕು ಚೆಂಡೆಸೆದು ಅವರನ್ನು ಮೊದಲ ಬೇಸ್‌ಗೆ ಕಳಿಸಿಬಿಡುವಂತೆ ಬೆಂಚಿನಿಂದ ಆಜ್ಞೆ ಬಂತು. ಹಿಂದಿನ ಸರದಿಗಳಲ್ಲಿ ಅದೇ ಬ್ಯಾಟರ್‌ನನ್ನು ಹಿಡಿದುಹಾಕಿದ್ದ ಉಎಹರಾ ಆಜ್ಞೆಯನ್ನು ಪಾಲಿಸಿದರು, ಪಾಲಿಸಿ ದಿಬ್ಬದ ಮಣ್ಣನ್ನು ಕಾಲಿನಿಂದ ಒದ್ದರು, ಎಲ್ಲರೆದುರು ಕಣ್ಣೀರು ಒರೆಸಿಕೊಂಡರು. ಪಂದ್ಯವಾಗಲಿ ಫಲವಾಗಲಿ ಅಲ್ಲಿ ಕೈತಪ್ಪಿರಲಿಲ್ಲ, ಆ ಪಂದ್ಯ ಅವರ ಇಪ್ಪತ್ತನೆಯ ಗೆಲುವೇ ಆಯಿತು. ಕೈತಪ್ಪಿದ್ದು ಎಸೆಯುವ ಹಕ್ಕು. ಫಲವನ್ನು ಕಳೆದುಕೊಂಡವನ ಅಳುವಿಗೂ ಕರ್ಮವನ್ನು ಕಳೆದುಕೊಂಡವನ ಅಳುವಿಗೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕ್ರೀಡೆಯ ಇತಿಹಾಸದಲ್ಲಿ ಸಿಗುವುದು ಕಷ್ಟ.

2009ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಅವರು ಅಮೆರಿಕದ ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕೆ ಸ್ಟಾರ್ಟರ್ ಆಗಿ ಹೋದರು; ಮೊಣಕೈ ನೋವು ಅವರನ್ನು ಬುಲ್‌ಪೆನ್‌ಗೆ ಇಳಿಸಿತು. 2011ರ ನಡುವಿನಲ್ಲಿ ಟೆಕ್ಸಸ್‌ಗೆ ವರ್ಗವಾಗಿ, ಪ್ಲೇಆಫ್ ಪಂದ್ಯಗಳಲ್ಲಿ ಸತತ ಮೂರು ಬಾರಿ ಇಳಿದಾಗಲೂ ಹೋಮ್‌ರನ್ ಕೊಟ್ಟು, ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್‌ನ ಪಟ್ಟಿಯಿಂದಲೇ ಹೊರಬಿದ್ದರು. ಅದಾದ ಎರಡು ವರ್ಷಕ್ಕೆ, 2013ರ ಅಕ್ಟೋಬರ್ 30ರ ರಾತ್ರಿ, ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಸೇಂಟ್ ಲೂಯಿಸ್ ತಂಡದ ಮ್ಯಾಟ್ ಕಾರ್ಪೆಂಟರ್‌ನನ್ನು ಬೀಟ್ ಮಾಡಿ ಔಟಾಗಿಸಿ ವರ್ಲ್ಡ್ ಸೀರೀಸನ್ನು ಮುಗಿಸಿದವರೂ ಅವರೇ. ಆ ಋತುವಿನಲ್ಲಿ ಅವರು 74 ಇನಿಂಗ್ಸ್‌ಗಳಿಗೆ ತುಸು ಹೆಚ್ಚು ಎಸೆದು 101 ಮಂದಿಯನ್ನು ಬ್ಯಾಟಿಗೆ ಸಿಗದ ಚೆಂಡುಗಳಿಂದ ಕೆಡವಿ, ಒಂಬತ್ತು ಮಂದಿಗೆ ಮಾತ್ರ ಉಚಿತವಾಗಿ ಬೇಸ್ ಕೊಟ್ಟಿದ್ದರು. ಒಂದು ಹಂತದಲ್ಲಿ ಸತತ 37 ಬ್ಯಾಟರ್‌ಗಳು ಅವರೆದುರು ಬೇಸ್ ಮುಟ್ಟಲಾಗದೆ ಮರಳಿದ್ದರು. ಆಗ ಅವರಿಗೆ ಮೂವತ್ತೆಂಟು.

ಈ ಏರಿಕೆಯನ್ನು ಛಲದ ಕತೆಯಾಗಿ ಹೇಳುವ ರೂಢಿಯಿದೆ. ಛಲವಿದ್ದದ್ದು ನಿಜವೇ ಆದರೂ, ಬೌದ್ಧರು ಪ್ರತೀತ್ಯಸಮುತ್ಪಾದ ಎಂದು ಕರೆಯುವ ತತ್ತ್ವ ಇಲ್ಲಿ ಹೆಚ್ಚು ನಿಖರವಾದ ವಿವರಣೆ ಕೊಡುತ್ತದೆ. ಯಾವ ವಸ್ತುವೂ ತನ್ನಷ್ಟಕ್ಕೆ ತಾನೇ ಹುಟ್ಟದೆ, ಬೇರೆ ಕಾರಣಗಳು ಕೂಡಿದಾಗ ಹುಟ್ಟಿ ಅವು ಚದುರಿದಾಗ ಇಲ್ಲವಾಗುತ್ತದೆ ಎಂಬುದು ಅದರ ತಿರುಳು. ಬಾಸ್ಟನ್ ತಂಡ ಆ ವರ್ಷ ಉಎಹರಾ ಅವರನ್ನು ಕ್ಲೋಸರ್ ಆಗಿ ಕೊಂಡಿರಲಿಲ್ಲ. ಆ ಕೆಲಸಕ್ಕೆ ಜೋಯೆಲ್ ಹ್ಯಾನ್‌ರಹಾನ್ ಇದ್ದರು, ಅವರ ಮೊಣಕೈ ಕೆಟ್ಟಿತು. ಅವರ ಬದಲಿಗೆ ಆಂಡ್ರೂ ಬೇಲಿ ಬಂದರು, ಅವರ ಭುಜ ಕೆಟ್ಟಿತು. ಬೇರೆಯವರ ಎರಡು ಕೀಲುಗಳು ಕೈಕೊಟ್ಟದ್ದರಿಂದ ಮೂರನೆಯವರ ಕೈಗೆ ಚೆಂಡು ಬಂತು. ಹಾಗೆ ಬಂದದ್ದು ಹಾಗೆಯೇ ಹೋಗುವುದೂ ಸಹಜ: 2015ರ ಆಗಸ್ಟ್‌ನಲ್ಲಿ ನೇರವಾಗಿ ಸಿಡಿದು ಬಂದ ಚೆಂಡೊಂದು ಅವರ ಬಲ ಮಣಿಕಟ್ಟನ್ನು ಮುರಿಯಿತು, ಮರುವರ್ಷ ಕ್ರೇಗ್ ಕಿಂಬ್ರೆಲ್ ಎಂಬ ಕಿರಿಯ ವೇಗಿ ಆ ಸ್ಥಾನಕ್ಕೆ ಬಂದರು, 2017ರಲ್ಲಿ ಉಎಹರಾ ಶಿಕಾಗೊ ಕಬ್ಸ್‌ಗೆ ಒಂದು ವರ್ಷದ ಒಪ್ಪಂದದ ಮೇಲೆ ಹೋದರು. ಆ ವರ್ಷ ಮುಗಿದಾಗ ನಲವತ್ತೆರಡರ ಅವರ ಮುಂದೆ ಒಪ್ಪಂದವಿಲ್ಲದ ಚಳಿಗಾಲವಿತ್ತು.

ಇನ್ನೂ ಏಕೆ ಎಂಬ ಪ್ರಶ್ನೆ ಇಂಥ ಚಳಿಗಾಲದಲ್ಲಿ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಜಪಾನಿನ ಧಾರ್ಮಿಕ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ಪ್ರಸಿದ್ಧವಾದ ಒಂದು ರೂಪವಿದೆ. ಸೋತೋ ಝೆನ್ ಪಂಥವನ್ನು ಜಪಾನಿಗೆ ತಂದ ದೋಗೆನ್ 1223ರಲ್ಲಿ ತರುಣ ಸಂನ್ಯಾಸಿಯಾಗಿ ಚೀನಕ್ಕೆ ಹೋದಾಗ, ಹಡಗು ಬಂದರಿನಲ್ಲಿ ನಿಂತಿದ್ದ ದಿನಗಳಲ್ಲಿ, ಅಶೋಕರಾಜನ ಹೆಸರಿನ ಬೆಟ್ಟದ ಮಠದಿಂದ ಅರವತ್ತೊಂದರ ಅಡುಗೆಯ ಹಿರಿಯನೊಬ್ಬ ಅಣಬೆ ಕೊಳ್ಳಲು ಆ ಹಡಗಿಗೆ ಬಂದ. ಉಳಿದು ಮಾತಾಡೆಂದು ದೋಗೆನ್ ಕೇಳಿಕೊಂಡರೂ ಅವನು ನಿಲ್ಲಲೊಲ್ಲ. ನಾಳೆಯ ಅಡುಗೆ ತನ್ನದು ಎಂದ. ಈ ವಯಸ್ಸಿನಲ್ಲಿ ಧ್ಯಾನ, ಗ್ರಂಥಾಧ್ಯಯನ ಬಿಟ್ಟು ಒಲೆಯ ಮುಂದಿನ ದುಡಿತವೇಕೆ ಎಂದು ದೋಗೆನ್ ಕೇಳಿದ್ದಕ್ಕೆ ಅವನು ನಕ್ಕು, ಪರದೇಶದ ಈ ತರುಣನಿಗೆ ಸಾಧನೆಯೆಂದರೇನೆಂದು ಇನ್ನೂ ತಿಳಿದಿಲ್ಲವೆಂದ. ಮಠದ ಅಡುಗೆಯವನ ಕರ್ತವ್ಯಗಳನ್ನು ಕುರಿತು 1237ರಲ್ಲಿ ಬರೆದ ಕೃತಿಯಲ್ಲಿ ದೋಗೆನ್ ಈ ಭೇಟಿಯನ್ನೂ, ಬೇರೊಂದು ಮಠದಲ್ಲಿ ಬಿಸಿಲಿನಲ್ಲಿ ಬಾಗಿ ನಿಂತು ಆಹಾರ ಒಣಗಿಸುತ್ತಿದ್ದ ಅರವತ್ತೆಂಟರ ಮತ್ತೊಬ್ಬನನ್ನೂ ನೆನೆದಿದ್ದಾರೆ. ಆಳುಗಳಿಗೆ ಏಕೆ ಹೇಳಬಾರದೆಂದು ಕೇಳಿದಾಗ, ಅವರು ಮಾಡಿದರೆ ತಾನು ಮಾಡಿದಂತಾಗುವುದಿಲ್ಲವೆಂಬುದು ಈ ಎರಡನೆಯವನ ಉತ್ತರ.

ದೋಗೆನ್ 1233ರಲ್ಲಿ ಬರೆದ ಗೆಂಜೋಕೋಅನ್ ಎಂಬ ಪ್ರಬಂಧದಲ್ಲಿ ಇದಕ್ಕೆ ತಾತ್ತ್ವಿಕ ಬುನಾದಿಯೂ ಇದೆ. ಸೌದೆ ಉರಿದು ಬೂದಿಯಾಗುತ್ತದೆ ಎಂದು ಜನ ಹೇಳುತ್ತಾರಷ್ಟೆ. ಆದರೆ ಸೌದೆಯನ್ನು ಮುಂಚಿನ ಬೂದಿಯೆಂದೂ ಬೂದಿಯನ್ನು ಕೆಟ್ಟುಹೋದ ಸೌದೆಯೆಂದೂ ನೋಡಬಾರದು, ಎರಡೂ ತಮ್ಮ ತಮ್ಮ ಸ್ಥಿತಿಯಲ್ಲಿ ಪೂರ್ಣವಾಗಿವೆ ಎಂಬುದು ಅಲ್ಲಿನ ವಾದ. ಇದನ್ನು ಒಪ್ಪಿದರೆ ನಲವತ್ತೆರಡರ ಪಿಚರ್ ಎಂದರೆ ಸವೆದುಹೋದ ಇಪ್ಪತ್ನಾಲ್ಕರ ಪಿಚರ್ ಅಲ್ಲ. ಅವನು ತನ್ನದೇ ಆದ ಒಂದು ಸ್ಥಿತಿ, ಅದರಲ್ಲಿ ಕೊರತೆಯೇನೂ ಇಲ್ಲ.

ಈ ವಾದ ಒಳಗಿನಿಂದ ನೋಡುವವನಿಗೆ ನಿಜವಾದ ಬಿಡುಗಡೆ ಕೊಡಬಲ್ಲದು. ಆದರೂ ಅಡುಗೆಮನೆಯಿಂದ ಅದನ್ನು ಬೇಸ್‌ಬಾಲ್ ಮೈದಾನಕ್ಕೆ ತಂದಾಗ ಒಂದು ಅಡಚಣೆ ಎದುರಾಗುತ್ತದೆ, ಅದನ್ನು ಮರೆಮಾಚುವುದು ತತ್ತ್ವಶಾಸ್ತ್ರಕ್ಕೆ ಒಪ್ಪುವ ಕೆಲಸವಲ್ಲ. ಅಣಬೆಗೆ ಅಡುಗೆಯವನನ್ನು ಸೋಲಿಸುವ ಉದ್ದೇಶವಿಲ್ಲ. ಪಿಚರನ ಕರ್ಮದಲ್ಲಿ ಎದುರಾಳಿಯ ಕರ್ಮವೂ ಹೆಣೆದುಕೊಂಡಿದೆ. ಎದುರಿಗಿರುವ ಇಪ್ಪತ್ತೈದರ ಬ್ಯಾಟರ್ ಈ ವರ್ಷದ ಚೆಂಡನ್ನು ಹಿಂದಿನ ವರ್ಷದ ಚೆಂಡಿನೊಂದಿಗೆ ಹೋಲಿಸಿಯೇ ಬ್ಯಾಟು ಬೀಸುತ್ತಾನೆ, ತಂಡದ ಯಜಮಾನರು ಹೋಲಿಸಿಯೇ ಒಪ್ಪಂದ ಬರೆಯುತ್ತಾರೆ. ಸೌದೆಯನ್ನೂ ಬೂದಿಯನ್ನೂ ಬೇರೆಬೇರೆಯಾಗಿ ನೋಡುವ ಸ್ವಾತಂತ್ರ್ಯ ಒಲೆಗೆ ಇಲ್ಲ. ಮಠ ತನ್ನ ಮುದುಕರನ್ನು ಇಟ್ಟುಕೊಳ್ಳುವ ಸಂಸ್ಥೆಯಾದ್ದರಿಂದಲೇ ಆ ಹಿರಿಯ ಅಷ್ಟು ನಿರಾಳವಾಗಿ ನಗಬಲ್ಲವನಾಗಿದ್ದ ಎಂಬುದನ್ನು ಝೆನ್ ಕತೆಗಳನ್ನು ಮೆಚ್ಚುವವರು ಗಮನಿಸುವುದು ಕಡಿಮೆ.

ಮೈದಾನಕ್ಕೆ ಹೆಚ್ಚು ಹತ್ತಿರವಾಗುವವರು ನೋ ನಾಟಕದ ಆಚಾರ್ಯ ಝೆಆಮಿ, ಏಕೆಂದರೆ ಅವರ ನಟನಿಗೆ ಪ್ರೇಕ್ಷಕರ ಮೆಚ್ಚಿಗೆಯೂ ಪೈಪೋಟಿಯ ತಂಡಗಳೂ ಎದುರಿಗೇ ಇದ್ದವು. ಹದಿನೈದನೆಯ ಶತಮಾನದ ಆರಂಭದಲ್ಲಿ ರಚಿತವಾದ ಫೂಶಿಕಾದೆನ್ ಎಂಬ ಗ್ರಂಥದಲ್ಲಿ ಅವರು ನಟನ ಆಯುಷ್ಯವನ್ನು ಏಳರಿಂದ ಐವತ್ತರ ಆಚೆಗಿನವರೆಗೆ ಹಂತಗಳಾಗಿ ವಿಂಗಡಿಸಿ, ಕಲೆಯ ಸೊಬಗನ್ನು ಹೂವೆಂದು ಕರೆದು, ಎಳೆಯ ವಯಸ್ಸಿನ ಹೂವು ವಯಸ್ಸಿನದೇ ಹೊರತು ಕಲೆಯದಲ್ಲವೆಂದು ಎಚ್ಚರಿಸುತ್ತಾರೆ. ಅವರ ತಂದೆ ಕನ್ಆಮಿ 1384ರಲ್ಲಿ ಐವತ್ತೆರಡರಲ್ಲಿ ತೀರಿಕೊಳ್ಳುವ ಕೆಲವೇ ದಿನಗಳ ಮುಂಚೆ ಸುರುಗಾ ಸೀಮೆಯ ದೇವಾಲಯದಲ್ಲಿ ಆಡಿದರು; ಬೆಡಗಿನ ಪಾತ್ರಗಳನ್ನೆಲ್ಲ ಕಿರಿಯರಿಗೆ ಬಿಟ್ಟು ತಾವು ಸುಲಭವಾದದ್ದನ್ನು ಮಿತವಾಗಿ ಆಡಿದರೂ ಎಲ್ಲರ ಕಣ್ಣು ಅವರ ಮೇಲೆಯೇ ಇತ್ತೆಂದು ಮಗ ದಾಖಲಿಸಿದ್ದಾರೆ. ಮುಪ್ಪಿನ ಕಲೆಯೆಂದರೆ ಕೂಡಿಸುವುದಲ್ಲ, ಕಳೆಯುವುದು ಎಂಬುದು ಇದರ ಒಟ್ಟು ಸಾರ.

ಉಎಹರಾ ಅವರ ಎಸೆತವನ್ನು ಹತ್ತಿರದಿಂದ ನೋಡಿದರೆ ಈ ಮಾತು ಅಲಂಕಾರವಲ್ಲವೆಂದು ತಿಳಿಯುತ್ತದೆ. 2013ರಲ್ಲಿ ಅವರ ನೇರ ಎಸೆತದ ವೇಗ ಗಂಟೆಗೆ ಸುಮಾರು 143 ಕಿಲೋಮೀಟರ್ ಮಾತ್ರ. ಅದಕ್ಕಿಂತ ಹತ್ತು ಕಿಲೋಮೀಟರ್ ಹೆಚ್ಚು ವೇಗದವರು ಆ ಲೀಗ್‌ನ ಬುಲ್‌ಪೆನ್‌ಗಳಲ್ಲಿ ಬೇಕಾದಷ್ಟಿದ್ದರು. ಅವರ ಎರಡನೆಯ ಅಸ್ತ್ರ ಸ್ಪ್ಲಿಟರ್, ಅಂದರೆ ತೋರುಬೆರಳು ಮತ್ತು ನಡುಬೆರಳುಗಳನ್ನು ಅಗಲಿಸಿ ಅವುಗಳ ಸಂದಿಯಲ್ಲಿ ಚೆಂಡನ್ನು ಸಿಕ್ಕಿಸಿ, ನೇರ ಎಸೆತದ ತೋಳಿನ ಬೀಸಿನಲ್ಲೇ ಬಿಡುವ ಎಸೆತ. ತಿರುಗುವಿಕೆ ಕಡಿಮೆಯಾದ್ದರಿಂದ ಅದು ಬ್ಯಾಟಿನ ಬಳಿಗೆ ಬಂದಾಗ ಕುಸಿಯುತ್ತದೆ. ನೇರ ಎಸೆತವೋ ಅಲ್ಲವೋ ಎಂದು ತೀರ್ಮಾನಿಸಲು ಬ್ಯಾಟರ್‌ಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಕಡಿಮೆ ಸಮಯ. ಹೆಚ್ಚುಕಡಿಮೆ ಈ ಎರಡೇ ಎಸೆತಗಳಿಂದ, ಎಸೆತಗಳ ನಡುವೆ ಕಾಲಹರಣ ಮಾಡದೆ, ತೀರ ಅಪರೂಪಕ್ಕಲ್ಲದೆ ಬೇಸ್ ದಾನ ಮಾಡದೆ ಅವರು ಆಡಿದ್ದು ಝೆಆಮಿ ಹೇಳಿದ ಕಳೆಯುವಿಕೆಗೆ ಹತ್ತಿರದ ಸಂಗತಿ. ಆದರೆ ಕಳೆಯುತ್ತ ಹೋದರೆ ಎಲ್ಲಿ ನಿಲ್ಲಬೇಕೆಂದು ಝೆಆಮಿ ಹೇಳುವುದಿಲ್ಲ. ಎರಡು ಎಸೆತಗಳಲ್ಲಿ ಒಂದರ ಹರಿತ ಹೋದರೂ ಉಳಿಯುವುದು ಕಲೆಯಲ್ಲ, ಬರಿಯ ಚೆಂಡು.

ಅರ್ಜುನನ ಕತೆಯೂ ಗೀತೆಯೊಂದಿಗೆ ಮುಗಿಯುವುದಿಲ್ಲ. ಮಹಾಭಾರತದ ಮೌಸಲಪರ್ವದಲ್ಲಿ, ಕೃಷ್ಣ ತೀರಿಕೊಂಡ ಬಳಿಕ ದ್ವಾರಕೆಯ ಸ್ತ್ರೀಯರನ್ನು ಕರೆದೊಯ್ಯುತ್ತಿರುವಾಗ, ದೊಣ್ಣೆ ಹಿಡಿದ ಆಭೀರರ ಎದುರಿಗೆ ಅವನು ಗಾಂಡೀವಕ್ಕೆ ಹೆದೆಯೇರಿಸಲು ಹೆಣಗುತ್ತಾನೆ. ದಿವ್ಯಾಸ್ತ್ರಗಳು ನೆನಪಿಗೆ ಬರುವುದಿಲ್ಲ, ಬರಿದಾಗದ ಬತ್ತಳಿಕೆ ಬರಿದಾಗುತ್ತದೆ, ಕೊನೆಗೆ ಬಿಲ್ಲಿನ ತುದಿಯಿಂದಲೇ ಹೊಡೆಯಬೇಕಾಗುತ್ತದೆ. ಕರ್ಮದಲ್ಲಿ ಅಧಿಕಾರವಿದೆಯೆಂದು ಯಾರಿಗೆ ಹೇಳಲಾಗಿತ್ತೋ ಅವನೇ ಇವನು. ಅಸ್ತ್ರಗಳು ಬಂದ ಕೆಲಸ ಮುಗಿಸಿ ಹೋದವು, ಹೊರಡುವ ಕಾಲ ಬಂದಿದೆ ಎಂದು ವ್ಯಾಸರು ಅವನಿಗೆ ತಿಳಿಸುತ್ತಾರೆ. ಆಶ್ಚರ್ಯವೆಂದರೆ ಅಷ್ಟಾದ ಮೇಲೂ, ರಾಜ್ಯವನ್ನೇ ಬಿಟ್ಟು ಮಹಾಪ್ರಸ್ಥಾನಕ್ಕೆ ಹೊರಟಾಗಲೂ, ಅರ್ಜುನ ಗಾಂಡೀವವನ್ನು ಬಿಟ್ಟಿರುವುದಿಲ್ಲ. ಅಗ್ನಿ ಅಡ್ಡನಿಂತು ಕೇಳಿದ ಮೇಲಷ್ಟೇ ಅದು ನೀರು ಸೇರುತ್ತದೆ. ಫಲವನ್ನು ಬಿಡುವುದಕ್ಕಿಂತ ಉಪಕರಣವನ್ನು ಬಿಡುವುದು ಕಷ್ಟವೆಂಬುದು ಮಹಾಭಾರತಕಾರನಿಗೆ ಗೀತೆಯ ಸರಳ ವ್ಯಾಖ್ಯಾನಗಳಿಗಿಂತ ಚೆನ್ನಾಗಿ ತಿಳಿದಿತ್ತು.

ಜಪಾನೀ ರಿಲೀಫ್ ಪಿಚರರಲ್ಲಿ ಬಿಟ್ಟ ಬಗೆಗಳು ಒಂದೇ ಆಗಿಲ್ಲ. ಸಿಯಾಟಲ್ ಪರವಾಗಿ 2001ರಲ್ಲಿ 45 ಸೇವ್ ಗಳಿಸಿದ ಕಝುಹಿರೊ ಸಸಾಕಿ, ಒಪ್ಪಂದದ ವರ್ಷವೊಂದು ಬಾಕಿಯಿರುವಾಗಲೇ, ಸಂಸಾರದೊಂದಿಗಿರಲೆಂದು 2004ರ ಆರಂಭದಲ್ಲಿ ಊರಿಗೆ ಮರಳಿದರು. ತಕಾಶಿ ಸೈತೊ ಮೂವತ್ತಾರರಲ್ಲಿ ಲಾಸ್ ಏಂಜಲೀಸ್‌ಗೆ ಕೆಳದರ್ಜೆಯ ಒಪ್ಪಂದದ ಮೇಲೆ ಹೋಗಿ, ಅಲ್ಲೇ ಕ್ಲೋಸರ್ ಆಗಿ, ಐದು ತಂಡಗಳನ್ನು ಸುತ್ತಿ, 2013ರಲ್ಲಿ ಹುಟ್ಟೂರು ಸೆಂದಾಯ್‌ನ ತಂಡಕ್ಕೆ ಬಂದು, ನಲವತ್ತೈದರವರೆಗೆ ಆಡಿದರು.

ಉಎಹರಾ ಅವರಾದರೋ ಅಮೆರಿಕದ ತಂಡಗಳಿಂದ ಕರೆ ಬಾರದಿದ್ದರೆ ಆಟ ಬಿಡುವುದಾಗಿ ಮೊದಲು ಹೇಳಿ, ಕರೆ ಬಾರದಿದ್ದಾಗ ಮನಸ್ಸು ಬದಲಿಸಿ, 2018ರ ಮಾರ್ಚ್‌ನಲ್ಲಿ ಹಳೆಯ ಯೋಮಿಉರಿ ತಂಡವನ್ನೇ ಸೇರಿಕೊಂಡರು. ಇದನ್ನು ದೌರ್ಬಲ್ಯವೆನ್ನುವುದು ಸುಲಭ; ಅಗ್ನಿ ಕೇಳುವವರೆಗೆ ಬಿಲ್ಲು ಹಿಡಿದವನನ್ನು ದುರ್ಬಲನೆನ್ನಲು ಹಿಂಜರಿಯುವವರು ಇಲ್ಲಿಯೂ ಹಿಂಜರಿಯಬೇಕು. ಆ ಬೇಸಿಗೆಯಲ್ಲಿ ಅವರು ಎರಡೂ ದೇಶಗಳ ಲೆಕ್ಕ ಸೇರಿ ನೂರು ಗೆಲುವು, ನೂರು ಸೇವ್, ನೂರು ಹೋಲ್ಡ್‌ಗಳ ಗಡಿ ದಾಟಿದರು. ಹೋಲ್ಡ್ ಎಂದರೆ ನಡುವೆ ಬಂದು ಮುನ್ನಡೆಯನ್ನು ಕೆಡದಂತೆ ಕಾಯ್ದು ಮುಂದಿನವನಿಗೆ ಒಪ್ಪಿಸುವುದು. ಆ ವರ್ಷದ ಕೊನೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. 2019ರ ಮೇ 20ರಂದು, ಋತು ಇನ್ನೂ ನಡೆಯುತ್ತಿರುವಾಗ, ಮುಖ್ಯ ತಂಡದಲ್ಲಿ ಆ ವರ್ಷ ಒಂದು ಎಸೆತವನ್ನೂ ಎಸೆಯದೆ, ಅವರು ನಿವೃತ್ತಿ ಪ್ರಕಟಿಸಿದರು. ದೇಹಕ್ಕೆ ತೊಂದರೆಯಿಲ್ಲದಿದ್ದರೂ ಎರಡನೆಯ ದರ್ಜೆಯ ತಂಡದ ಪಂದ್ಯಗಳಲ್ಲೇ ಬ್ಯಾಟರ್‌ಗಳನ್ನು ತಡೆಯಲಾಗುತ್ತಿಲ್ಲವೆಂಬುದು ಅವರು ಕಣ್ಣೀರಿನ ನಡುವೆ ಕೊಟ್ಟ ಮುಖ್ಯ ಕಾರಣ. ತಾವಿದ್ದರೆ ಕಿರಿಯರ ಅವಕಾಶಕ್ಕೆ ಅಡ್ಡಿಯೆಂಬ ಯೋಚನೆಯೂ ಅದರ ಜೊತೆಗಿತ್ತು.

ಗೀತೆಯ ಹದಿನೆಂಟನೆಯ ಅಧ್ಯಾಯ ತ್ಯಾಗವನ್ನು ಮೂರಾಗಿ ವಿಂಗಡಿಸುತ್ತದೆ: ಮೋಹದಿಂದ ಕರ್ತವ್ಯವನ್ನು ಬಿಡುವುದು ತಾಮಸ, ದೇಹಕ್ಕೆ ಕ್ಲೇಶವಾದೀತೆಂಬ ಭಯದಿಂದ ಬಿಡುವುದು ರಾಜಸ, ಸಂಗವನ್ನೂ ಫಲವನ್ನೂ ಬಿಟ್ಟು ಕರ್ತವ್ಯವನ್ನು ಮಾಡುತ್ತಲೇ ಇರುವುದು ಸಾತ್ತ್ವಿಕ. ಈ ವಿಂಗಡಣೆಯಲ್ಲಿ ಕರ್ಮವನ್ನೇ ಬಿಡುವ ಯಾವ ಬಗೆಗೂ ಮೆಚ್ಚುಗೆಯಿಲ್ಲ, ಏಕೆಂದರೆ ಕರ್ತವ್ಯ ಕರ್ತವ್ಯವಾಗಿಯೇ ಉಳಿದಿದೆಯೆಂಬುದು ಅದರ ಪೂರ್ವಗ್ರಹಿಕೆ. ಉಎಹರಾ ಬಿಟ್ಟದ್ದು ಮೋಹದಿಂದಲ್ಲ, ನೋವಿನ ಭಯದಿಂದಲ್ಲ. ತನ್ನ ಪಾಲಿನ ಕರ್ತವ್ಯ ಈಗ ಇನ್ನೊಬ್ಬರದಾಗಿದೆಯೆಂದು ಕಂಡುಕೊಂಡು. ಆ ನಾಲ್ಕನೆಯ ಬಗೆಗೆ ಗೀತೆಯಲ್ಲಿ ಹೆಸರಿಲ್ಲ, ಮೌಸಲಪರ್ವದಲ್ಲಿ ಘಟನೆಯಿದೆ. ಸೋತವನು ಬಿಟ್ಟದ್ದನ್ನು ತ್ಯಾಗವೆನ್ನಬಹುದೇ ಎಂಬ ಆಕ್ಷೇಪ ಇಲ್ಲಿ ಏಳುವುದು ನ್ಯಾಯವೇ. ಇಟ್ಟುಕೊಳ್ಳಬಹುದಾಗಿದ್ದದ್ದನ್ನು ಬಿಟ್ಟರೆ ಮಾತ್ರ ತ್ಯಾಗ, ಕಿತ್ತುಕೊಂಡದ್ದನ್ನು ಬಿಟ್ಟೆನೆನ್ನುವುದು ಆತ್ಮವಂಚನೆ. ಆದರೆ ಅವರ ಒಪ್ಪಂದ ಆ ವರ್ಷಕ್ಕೆ ಊರ್ಜಿತವಾಗಿತ್ತು. ಶರತ್ಕಾಲದವರೆಗೆ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು, ಕಿರಿಯನೊಬ್ಬನ ತೋಳು ಕೆಟ್ಟಾಗ ಬರಬಹುದಾದ ಕರೆಗೆ, 2013ರಲ್ಲಿ ಬಂದಂಥದೇ ಕರೆಗೆ, ಕಾದು ಕುಳಿತಿರಲು ಯಾವ ಅಡ್ಡಿಯೂ ಇರಲಿಲ್ಲ. ಬೇಸ್‌ಬಾಲ್ ವೃತ್ತಿಯನ್ನು ಕಾಲ ಕಿತ್ತುಕೊಂಡಿತ್ತು, ಅದರಲ್ಲಿ ತ್ಯಾಗದ ಮಾತಿಲ್ಲ; ಅವರು ತಾವಾಗಿ ಬಿಟ್ಟದ್ದು ಬುಲ್‌ಪೆನ್‌ನಲ್ಲಿ ಇನ್ನೂ ಕೆಲವು ತಿಂಗಳು ಕಾಯುವ ಹಕ್ಕನ್ನು, ತ್ಯಾಗವೆಂದು ಅಳೆಯಬೇಕಾದದ್ದು ಅಷ್ಟನ್ನೇ.